ಕತ್ತರಿಸಿದ ಮೂರನೇ ಕಾಲು

ನಮ್ಮಣ್ಣನನ್ನು ಊರವರು ಮೂರುಕಾಲಣ್ಣ ಎಂದು ಕರೆಯುತ್ತಿದ್ದರು. ಅವನಿಗಿದ್ದದ್ದು ಎರಡೇ ಕಾಲು, ಅವೂ ಕೊನೆಕೊನೆಗೆ ಮಾತು ಕೇಳುತ್ತಿರಲಿಲ್ಲ. ಭಾನುವಾರ ಬಂತೆಂದರೆ ಬಟ್ಟೆಚೀಲದ ತುಂಬ ಮೂರು ಕಾಲಿನ ಪ್ಲಗ್ಗುಗಳನ್ನು ತುಂಬಿಕೊಂಡು ಬೀದಿ ಬೀದಿ ಅಲೆಯುತ್ತಿದ್ದ. ಮನೆ, ಹೋಟೆಲು, ದರ್ಜಿಯ ಅಂಗಡಿ, ಯಾವುದನ್ನೂ ಬಿಡುತ್ತಿರಲಿಲ್ಲ. "ಅಕ್ಕಾ, ನಿಮ್ಮ ಇಸ್ತ್ರಿ ಪೆಟ್ಟಿಗೆ ಪ್ಲಗ್ ಒಂಚೂರು ತೋರ್ಸಿ" ಎಂದು ಬಾಗಿಲಲ್ಲಿ ನಿಲ್ಲುವುದು. ಅರ್ಥಿಂಗಿನ ದಪ್ಪ ಕಾಲು ಮುರಿದಿದ್ದರೆ ಹಳೆಯದನ್ನು ಕಿತ್ತು ಹೊಸದು ಹಾಕುವುದು. ಏನಾದರೂ ಕೊಡಲು ಹೋದರೆ ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ. ಕೆಲವರು ಪುಣ್ಯಾತ್ಮ ಎಂದರು, ಕೆಲವರು ತಲೆ ಕೆಟ್ಟಿದೆ ಎಂದರು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಅನ್ನುತ್ತದೆ. ಅವನು ಯಾಕೆ ಅಲೆಯುತ್ತಿದ್ದ ಎಂಬುದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅವನು ಹೋಗಿ ಒಂದು ವರ್ಷವಾಯಿತು. ಇನ್ನು ಮುಚ್ಚಿಟ್ಟು ಯಾರನ್ನು ಉಳಿಸಬೇಕಾಗಿದೆ?

ನಮ್ಮದು ಮೈಕ್ ರಿಪೇರಿ ಅಂಗಡಿ. ಎಂಟಡಿ ಅಗಲ, ಹದಿನಾಲ್ಕಡಿ ಉದ್ದ, ಮೇಲೊಂದು ಅಟ್ಟ. ಮುಂದಿನ ಮೇಜು ಅಣ್ಣನದು, ಹಿಂದಿನ ಮೇಜು ನನ್ನದು. ರೋಗ ಹಿಡಿಯುವುದು ಅವನು, ಬೆಸುಗೆ ಹಾಕುವುದು ನಾನು. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದರು. ನಮ್ಮಿಬ್ಬರಿಗೂ ಮದುವೆಯಾಗಲಿಲ್ಲ. "ನಿನ್ನ ಬಾಯಿಗೆ ಹೆದರಿ ಯಾವ ಗಂಡೂ ಈ ಕಡೆ ಸುಳೀಲಿಲ್ಲ ಪುಟ್ಟೀ" ಎಂದು ಅವನು ಅನ್ನುತ್ತಿದ್ದ. "ನಿನ್ನ ಮೋರೆ ನೋಡಿ ಯಾವ ಹೆಣ್ಣು ಬಂದ್ಲು ಹೇಳು" ಎಂದು ನಾನು ಅನ್ನುತ್ತಿದ್ದೆ. ಐವತ್ತು ದಾಟಿದ ಮೇಲೂ ಅವನಿಗೆ ನಾನು ಪುಟ್ಟಿಯೇ.

ಬರುವ ಗಿರಾಕಿಗಳದ್ದು ಹೆಚ್ಚಾಗಿ ಒಂದೇ ದೂರು: ಮೈಕು ಗುಂಯ್ ಅನ್ನುತ್ತದೆ. ನಾವು ನೋಡುತ್ತಿದ್ದುದು ಕೈಯಲ್ಲಿ ಹಿಡಿದು ಮಾತಾಡುವ ಡೈನಾಮಿಕ್ ಮೈಕು. ಅದರ ಹೊಟ್ಟೆಯಲ್ಲಿ ಒಂದು ಅಯಸ್ಕಾಂತ, ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ, ಒಂದು ಪೊರೆ, ಅಷ್ಟೇ. ಅದು ಸುಮ್ಮಸುಮ್ಮನೆ ಕೆಡುವ ಜಾತಿಯಲ್ಲ. ಆದರೂ ಜನ ಬಂದವರೇ "ಮೈಕ್ ಹೋಗಿದೆ, ಬೇರೆ ಹಾಕಿ" ಅನ್ನುತ್ತಿದ್ದರು. ಅಣ್ಣ ಸ್ಕ್ರೂಡ್ರೈವರ್ ಮುಟ್ಟುತ್ತಲೇ ಇರಲಿಲ್ಲ. ಮೊದಲು ಮೈಕನ್ನು ಹಚ್ಚಿ, ಅದರ ಲೋಹದ ಮೈಯನ್ನು ಕೈಯಿಂದ ಮುಟ್ಟುತ್ತಿದ್ದ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ವಯರಿನೊಳಗೆ ತಂತಿಯನ್ನು ಸುತ್ತಿರುವ ತಾಮ್ರದ ಜಾಲರಿ ಎಲ್ಲೋ ಬಿಟ್ಟುಕೊಂಡಿದೆ ಎಂದು ಅರ್ಥ. ಆಗದಿದ್ದರೆ ಮೈಕನ್ನು ಅತ್ತ ಇತ್ತ ತಿರುಗಿಸುತ್ತಿದ್ದ. ಒಂದು ಕಡೆ ಮುಖ ಮಾಡಿದಾಗ ಸದ್ದು ಹೆಚ್ಚಿ, ಇನ್ನೊಂದು ಕಡೆ ತಗ್ಗಿದರೆ ಹತ್ತಿರದಲ್ಲೇ ಟ್ರಾನ್ಸ್‌ಫಾರ್ಮರ್ ಇದೆ, ಮೈಕಿನದು ಏನೂ ತಪ್ಪಿಲ್ಲ. ಆಮೇಲೆ ಮೈಕನ್ನೇ ಕಿತ್ತುಬಿಡುತ್ತಿದ್ದ. ಆಗಲೂ ಗುಂಯ್ ಅಂದರೆ ಆಂಪ್ಲಿಫೈಯರಿನ ಕಡೆ ತಿರುಗುವುದು. "ಜ್ವರ ಬಂದೋನು ಒಬ್ಬ, ಸೂಜಿ ಇನ್ನೊಬ್ಬನಿಗಾ?" ಎಂದು ಗಿರಾಕಿಯನ್ನೇ ದಬಾಯಿಸುತ್ತಿದ್ದ. ಎಷ್ಟೋ ಸಲ ಮೈಕನ್ನು ಬಿಚ್ಚದೆ, ವಯರಿನ ತುದಿಗೆ ಒಂದು ಬೆಸುಗೆ ಹಾಕಿಸಿ ಕಳಿಸಿದ್ದುಂಟು. ಹೀಗಾದರೆ ನಾವು ಉದ್ಧಾರ ಆದ ಹಾಗೇ ಎಂದು ನಾನು ಗೊಣಗುತ್ತಿದ್ದೆ.

ಇನ್ನೊಂದು ಜಾತಿಯ ಗುಂಯ್ ಇದೆ. ದೊಡ್ಡ ಹಾಲಿನಲ್ಲಿ ಎರಡು ಆಂಪ್ಲಿಫೈಯರ್ ಇಟ್ಟು, ಒಂದಕ್ಕೆ ವೇದಿಕೆಯ ಹತ್ತಿರ, ಇನ್ನೊಂದಕ್ಕೆ ಹಿಂದುಗಡೆ ಬೇರೆ ಬೇರೆ ಕರೆಂಟು ಕೊಟ್ಟು, ನಡುವೆ ಉದ್ದ ವಯರು ಎಳೆದರೆ ಬರುವಂಥದ್ದು. ಎರಡೂ ಕಡೆ ಅರ್ಥಿಂಗ್ ಇರುವುದರಿಂದ ಆ ವಯರಿನ ಜಾಲರಿಯಲ್ಲಿ ಬೇಡದ ಕರೆಂಟು ಸುತ್ತು ಹೊಡೆಯುತ್ತದೆ, ಅದೇ ಗುಂಯ್‌ಗುಟ್ಟುತ್ತದೆ. ಸರಿಯಾದ ಮದ್ದು ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕುವುದು. ಸೋಮಾರಿಗಳ ಮದ್ದು ಬೇರೆ: ಒಂದು ಪ್ಲಗ್ಗಿನ ಅರ್ಥಿಂಗ್ ಕಾಲನ್ನು ಕಚಕ್ಕನೆ ಕತ್ತರಿಸಿಬಿಡುವುದು. ಗುಂಯ್ ತಕ್ಷಣ ನಿಲ್ಲುತ್ತದೆ. ಆದರೆ ಪೆಟ್ಟಿಗೆಯೊಳಗೆ ಎಂದಾದರೂ ಒಂದು ತಂತಿ ಸವೆದು ತಗಡಿಗೆ ತಾಗಿತೋ, ನೆಲಕ್ಕೆ ಇಳಿಯಬೇಕಾದ ಕರೆಂಟು ಮೈಕು ಹಿಡಿದವರ ಮೈಯಲ್ಲಿ ಇಳಿಯುತ್ತದೆ. ನಮ್ಮ ಕಸುಬಿನ ಅರ್ಧ ಜನ ಇದನ್ನೇ ಮಾಡುತ್ತಿದ್ದರು. ಅಂಥವರನ್ನು ಕಂಡರೆ ಅಣ್ಣ ಉರಿದು ಬೀಳುತ್ತಿದ್ದ. "ಕಾಲು ಕತ್ತರಿಸೋರ ಕೈ ಕತ್ತರಿಸ್ಬೇಕು" ಅನ್ನುತ್ತಿದ್ದ, ಅದೂ ಅವರ ಎದುರಿಗೇ.

ಅವನೇ ಒಂದು ದಿನ ಕತ್ತರಿಸಿದ. ಹದಿಮೂರು ವರ್ಷದ ಕೆಳಗೆ.

ಅಂದು ಸಭಾಭವನದಲ್ಲಿ ಒಂದು ಶಾಲೆಯ ಐವತ್ತನೇ ವರ್ಷದ ಸಮಾರಂಭ. ಆಂಪ್ಲಿಫೈಯರುಗಳು ಭವನದವು, ನೋಡಿಕೊಳ್ಳಲು ಅಣ್ಣ ಹೋಗಿದ್ದ. ಬಾಲ್ಕನಿವರೆಗೂ ಜನ, ಹಾಗಾಗಿ ವೇದಿಕೆಗೊಂದು, ಹಿಂದೆ ಬಾಲ್ಕನಿಗೊಂದು ಆಂಪ್ಲಿಫೈಯರ್. ಅತಿಥಿಗಳು ಬಂದು ಕೂತಾಗಿದೆ, ಮೈಕು ಹಚ್ಚಿದರೆ ಗುಂಯ್. ಅಣ್ಣ ಚೀಲಕ್ಕೆ ಕೈ ಹಾಕಿದರೆ ಡಬ್ಬಿ ಇಲ್ಲ. ಇರುವುದು ಹೇಗೆ? ಹಿಂದಿನ ಸಂಜೆ ಯಾರೋ ಗಿರಾಕಿ ಎರಡು ದಿನಕ್ಕೆಂದು ಕೇಳಿದರು, ನಾನು ಚೀಲದಿಂದ ತೆಗೆದುಕೊಟ್ಟು ಅವನಿಗೆ ಹೇಳುವುದನ್ನೇ ಮರೆತಿದ್ದೆ. ಭವನದ ಸಮಿತಿಯ ಅಧ್ಯಕ್ಷರು ವೇದಿಕೆಯ ಮೇಲಿಂದಲೇ, "ಏನ್ರೀ, ಊರಿನ ಗುಂಯ್ ಎಲ್ಲಾ ಓಡಿಸ್ತೀರಂತೆ, ನಿಮ್ಮ ಗುಂಯ್ ಓಡಿಸೋರು ಯಾರು?" ಎಂದರಂತೆ. ಹಾಲಿಗೆ ಹಾಲೇ ನಕ್ಕಿತಂತೆ. ನಮ್ಮಣ್ಣನಿಗೆ ಬಡತನ ತಡೆಯುತ್ತಿತ್ತು, ನಗೆಪಾಟಲು ತಡೆಯುತ್ತಿರಲಿಲ್ಲ. ವೇದಿಕೆಯ ಆಂಪ್ಲಿಫೈಯರಿನ ಪ್ಲಗ್ಗು ಕಿತ್ತು, ಮೂರನೇ ಕಾಲು ಕತ್ತರಿಸಿ, ಮತ್ತೆ ಚುಚ್ಚಿದ. ಸದ್ದು ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಹೊಸ ಪ್ಲಗ್ಗು ಹಾಕಿಬಿಡೋಣ ಎಂದುಕೊಂಡಿದ್ದ. ಬೆಳಗಿನ ಹೊತ್ತು ಅಪಾಯವಾಗಲಿಲ್ಲ, ಹಿಂದಿನ ಆಂಪ್ಲಿಫೈಯರಿಗೆ ಹೋಗುವ ವಯರಿನ ಮೂಲಕವಾದರೂ ಅರ್ಥಿಂಗಿನ ಆಸರೆ ಇತ್ತು. ಮಧ್ಯಾಹ್ನ ಬಾಲ್ಕನಿ ಖಾಲಿಯಾಯಿತು. ಇನ್ನು ಆ ಆಂಪ್ಲಿಫೈಯರ್ ಬೇಡವೆಂದು ಅದರ ವಯರನ್ನೂ ಅಣ್ಣನೇ ಕಿತ್ತು ಸುತ್ತಿಟ್ಟ. ಊಟ ಮಾಡಿದ. ಪ್ಲಗ್ಗಿನ ವಿಷಯ ಮರೆತೇಹೋಯಿತು.

ಮೂರು ಗಂಟೆಗೆ ಹಾಡಿನ ಟೀಚರ್ ವೇದಿಕೆ ಹತ್ತಿದರು. ಅಷ್ಟರಲ್ಲಿ ಅತಿಥಿಗಳ ಮೇಜಿನ ಮೇಲಿದ್ದ ನೀರಿನ ಜಗ್ಗು ಉರುಳಿತು. ಭವನದ ಕಾವಲುಗಾರ ಓಡಿಬಂದು ಒರೆಸಿದ. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವನನ್ನು ಎಲ್ಲರೂ ಬೀಗದಯ್ಯ ಅನ್ನುತ್ತಿದ್ದರು. ಒರೆಸಿದರೂ ನೆಲದಲ್ಲಿ ತೇವ ಉಳಿದಿತ್ತು. ಟೀಚರಿಗೆ ಬರಿಗಾಲಲ್ಲಿ ನಿಂತು ಹಾಡುವ ಅಭ್ಯಾಸ. ಮೈಕು ಹಿಡಿದರು. ಹಾಡಿನ ಎರಡನೇ ಸಾಲು ಮುಗಿಯಲಿಲ್ಲ. ಕೈಯಿಂದ ಮೈಕು ಬಿಡಲು ಅವರಿಗೆ ಆಗಲೇ ಇಲ್ಲ. ಅಣ್ಣ ಓಡಿ ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ನಲವತ್ತೊಂದು ವರ್ಷ ವಯಸ್ಸು. ಮುಂದಿನ ಸಾಲಿನಲ್ಲಿ ಅವರದೇ ತರಗತಿಯ ಮಕ್ಕಳು ಕೂತಿದ್ದವು.

ಸುದ್ದಿ ಕೇಳಿ ನಾನು ಹೋದಾಗ ಸಂಜೆ ಐದೂವರೆ. ಪೊಲೀಸರು ಬಂದು ನೋಡಿ, ನಾಳೆ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಯಂತ್ರ ಪರೀಕ್ಷೆ ಮಾಡುತ್ತಾರೆ, ಬೀಗ ಹಾಕಿ ಎಂದು ಹೇಳಿ ಹೋಗಿದ್ದರು. ಅಣ್ಣ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ಕಂಡವನೇ, "ನಾನೇ ಕೊಂದೆ ಪುಟ್ಟೀ, ಕಾಲು ಕತ್ತರಿಸ್ಬಿಟ್ಟೆ" ಎಂದ. ನಾನು ಅಳಲಿಲ್ಲ. ನಾನು ಎಂಥವಳು ಎಂದು ನನಗೇ ಗೊತ್ತಾದದ್ದು ಆಗ. ಬೀಗದಯ್ಯನ ಹತ್ತಿರ ಹೋಗಿ, ನಮ್ಮ ಚೀಲ ಒಳಗಿದೆ ಎಂದೆ. ಪಾಪ, ಕೇಳಿದ್ದೇ ತಡ ಕೀಲಿ ಕೊಟ್ಟ. ಒಳಗೆ ಹೋದೆ, ಕತ್ತರಿಸಿದ ಪ್ಲಗ್ಗು ಬಿಚ್ಚಿದೆ, ಚೀಲದಿಂದ ಮೂರು ಕಾಲಿನದು ತೆಗೆದು ಹಾಕಿದೆ. ಎಂಟು ನಿಮಿಷದ ಕೆಲಸ. ಹೊಸದು ಎದ್ದು ಕಾಣಬಾರದೆಂದು ಹಳೆಯದನ್ನೇ ಆರಿಸಿ ಹಾಕಿದೆ.

ಮರುದಿನ ಇನ್ಸ್‌ಪೆಕ್ಟರ್ ಆಂಪ್ಲಿಫೈಯರ್ ಬಿಚ್ಚಿಸಿ, ಸವೆದು ತಗಡಿಗೆ ತಾಗಿದ್ದ ತಂತಿ ನೋಡಿ, ಪ್ಲಗ್ಗು ನೋಡಿ, ನೆಲ ಒದ್ದೆ ಇತ್ತೇ ಎಂದು ಕೇಳಿದ. ಬೀಗದಯ್ಯ ಕೈಕಟ್ಟಿ ನಿಂತು, "ಹೌದು ಸ್ವಾಮಿ, ನಾನೇ ಒರೆಸಿದ್ದು, ಪೂರ್ತಿ ಒಣಗಿರ್ಲಿಲ್ಲ" ಎಂದ. ಆ ಒಂದು ಮಾತೇ ಸಾಕಾಯಿತು. ಅರ್ಥಿಂಗ್ ಸರಿಯಿದ್ದೂ ಫ್ಯೂಸ್ ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಹಳೆಯ ಯಂತ್ರ, ಒದ್ದೆ ನೆಲ, ಕಾವಲುಗಾರನ ಅಜಾಗರೂಕತೆ ಎಂದು ಬರೆದರು. ಸಮಿತಿಯವರು ಅವನನ್ನು ಕೆಲಸದಿಂದ ತೆಗೆದರು. ಇಪ್ಪತ್ತೆರಡು ವರ್ಷ ದುಡಿದಿದ್ದವನು ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಇಳಿದು ಹೋದ.

ಅಣ್ಣ ಅಂದೇ ಹೇಳಲು ಹೊರಟಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಜೈಲಿಗೆ ಹೋಗ್ತೀಯಾ? ನನ್ನನ್ನ ಯಾರ ಮನೆ ಬಾಗಿಲಲ್ಲಿ ಬಿಟ್ಟು ಹೋಗ್ತೀಯಾ? ಪ್ಲಗ್ ಬದಲಾಯಿಸಿದ್ದು ನಾನು, ನನ್ನನ್ನೂ ಎಳ್ಕೊಂಡು ಹೋಗ್ತಾರೆ, ಗೊತ್ತಾ?"

"ಆ ಮನುಷ್ಯ ತಾನೇ ಕೊಂದೆ ಅಂದ್ಕೊಂಡಿದಾನೆ ಕಣೇ."

"ಕೆಲಸ ತಾನೇ ಹೋಗಿದ್ದು, ಇನ್ನೊಂದು ಸಿಗುತ್ತೆ. ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡು, ಬಾಯಿ ಬಿಡಲ್ಲ ಅಂತ."

ಅವನು ಕೈಯಿಡಲಿಲ್ಲ. ನಾನೇ ಅವನ ಕೈ ಎಳೆದು ನನ್ನ ತಲೆಯ ಮೇಲಿಟ್ಟುಕೊಂಡೆ. ಅಲ್ಲಿಂದ ಮುಂದೆ ಹನ್ನೊಂದು ವರ್ಷ ಅಣ್ಣನಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಒಂದೇ ಒಂದು, ಬೀಗದಯ್ಯನಿಗೆ ನಿಜ ಹೇಳುವುದು. ಅಡ್ಡವಿದ್ದದ್ದು ನನ್ನ ತಲೆ.

ಹೇಳಲಾಗದ್ದಕ್ಕೆ ಬದಲಾಗಿ ಅವನು ಬೇರೆ ಏನೇನೋ ಮಾಡಿದ. ಪ್ಲಗ್ಗಿನ ಚೀಲ ಶುರುವಾದದ್ದು ಆಗಲೇ. ವಾರಕ್ಕೊಮ್ಮೆ ಬೀಗದಯ್ಯನ ಮನೆಗೆ ಹೋಗುವುದೂ ಆಗಲೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ, ಗಂಡ ಹೆಂಡತಿ ಇಬ್ಬರೇ. ಫ್ಯಾನು ನಿಂತರೆ ಅಣ್ಣ ಹೋಗುತ್ತಿದ್ದ, ರೇಡಿಯೊ ಕೆಟ್ಟರೆ ಅಣ್ಣ ಹೋಗುತ್ತಿದ್ದ. ಬೀಗದಯ್ಯನ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಜೊತೆಗೆ ಮಲಗಿದವನೂ ಅವನೇ. "ಒಡಹುಟ್ಟಿದೋರೂ ಇಷ್ಟು ಮಾಡಲ್ಲ" ಎಂದು ಆ ಹೆಂಗಸು ಕಂಡವರಿಗೆಲ್ಲ ಹೇಳುತ್ತಿದ್ದರು.

ಒಂದೆರಡು ಸಲ ನಾನೂ ಹೋಗಿದ್ದೆ. ಬೀಗದಯ್ಯ ಗೋದಾಮೊಂದರಲ್ಲಿ ಕಾವಲಿಗೆ ಸೇರಿದ್ದ, ನೆಲ ಒರೆಸುವ ಕೆಲಸ ಮಾತ್ರ ಬೇಡ ಎಂದು ಕೇಳಿಕೊಂಡಿದ್ದನಂತೆ. ಮನೆಯಲ್ಲಿ ಯಾವಾಗಲೂ ಹೆಗಲ ಮೇಲೊಂದು ಒಣ ಬಟ್ಟೆ. ನನಗೆ ನೀರು ಕೊಟ್ಟು, ನಾನು ಲೋಟ ಕೆಳಗಿಟ್ಟ ಕೂಡಲೇ ಬಗ್ಗಿ ಅದರ ಸುತ್ತ ಒರೆಸಿದ. ಲೋಟದ ತಳ ಒಣಗಿಯೇ ಇತ್ತು. "ದಿನಕ್ಕೆ ನೂರು ಸಲ ಹೀಗೇ, ಸ್ನಾನ ಮಾಡಿ ಬಂದ್ರೆ ನನ್ನ ಪಾದಾನೂ ಒರೆಸ್ತಾರೆ" ಎಂದು ಹೆಂಡತಿ ನಗುತ್ತ ಹೇಳಿದರು. ನಗು ಅರ್ಧಕ್ಕೇ ನಿಂತಿತು. ದಾರಿಯಲ್ಲಿ ಅಣ್ಣ ನನ್ನ ಮುಖ ನೋಡಲಿಲ್ಲ. ನಾನೂ ಅವನದನ್ನು ನೋಡಲಿಲ್ಲ. ಮನೆಗೆ ಬಂದು ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನೇ ಮಾಡಿದ ಸಾರಿನ ಮೇಲೆ ರೇಗಾಡಿದೆ.

ಹೋದ ವರ್ಷಕ್ಕೆ ಮುಂಚಿನ ವರ್ಷ ಬೀಗದಯ್ಯ ಹಾಸಿಗೆ ಹಿಡಿದ. ಶ್ವಾಸಕೋಶ ಪೂರ್ತಿ ಹೋಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಬಿಟ್ಟರು. ಅಣ್ಣ ಅಂಗಡಿಗೆ ಬಂದು ಮೇಜಿನ ಮುಂದೆ ಕೂತ. ಎದುರಿಗೆ ಒಂದು ಮೈಕು ಗುಂಯ್ ಅನ್ನುತ್ತಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ, ತಿರುಗಿಸಲಿಲ್ಲ, ಆರಿಸಲೂ ಇಲ್ಲ. ಆ ಸದ್ದಿನಲ್ಲೇ ಹೇಳಿದ.

"ಅವನು ಕೊಲೆಗಾರ ಅಂದ್ಕೊಂಡೇ ಸಾಯ್ತಾನೆ ಪುಟ್ಟೀ. ನಿಜವಾದ ಕೊಲೆಗಾರ ನಾನು, ಇಲ್ಲಿ ಕೂತು ಅನ್ನ ತಿಂತಿದೀನಿ. ಆ ಆಣೆಯಿಂದ ನನ್ನನ್ನ ಬಿಡಿಸೇ. ನಿನ್ನ ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಎದ್ದು ಬಗ್ಗಿದ. ತಂಗಿಯ ಕಾಲಿಗೆ ಬೀಳಲು ಅಣ್ಣ ಬಗ್ಗುವಂತೆ ಮಾಡಿದವಳು ನಾನು. ಅವನ ತೋಳು ಹಿಡಿದೆತ್ತಿ, "ನಡಿ, ಈಗಲೇ ನಡಿ, ನಾನೂ ಬರ್ತೀನಿ" ಎಂದೆ. ಅಂಗಡಿಗೆ ಬೀಗ ಹಾಕಿದ್ದೂ ನೆನಪಿಲ್ಲ.

ಬೀಗದಯ್ಯ ಗೋಡೆಗೆ ಒರಗಿ ಕೂತಿದ್ದ. ಎರಡು ದಿಂಬು ಬೆನ್ನಿಗೆ. ಒಣ ಬಟ್ಟೆ ಕೈಯಲ್ಲೇ ಇತ್ತು. ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಡಬ್ಬಿ ಇಲ್ಲದ್ದು, ಜನ ನಕ್ಕದ್ದು, ಕಾಲು ಕತ್ತರಿಸಿದ್ದು, ಹಿಂದಿನ ವಯರು ಕಿತ್ತದ್ದು, ಮರೆತದ್ದು. "ನೆಲ ಒದ್ದೆ ಇದ್ರೂ ಆ ಕಾಲು ಇದ್ದಿದ್ರೆ ಫ್ಯೂಸ್ ಹೋಗ್ತಿತ್ತು ಯಜಮಾನ್ರೇ, ಟೀಚರ್ ಉಳೀತಿದ್ರು. ನಿಮ್ಮದು ಏನೇನೂ ತಪ್ಪಿಲ್ಲ. ಕೊಂದೋನು ನಾನು" ಎಂದ.

ಬೀಗದಯ್ಯ ಅಣ್ಣನ ತಲೆ ಸವರಿದ.

"ಎಂಥ ಜೀವ ತಮ್ಮಾ ನಿಂದು" ಎಂದ. ಹೆಂಡತಿಯ ಕಡೆ ತಿರುಗಿ, "ಕೇಳಿದ್ಯೇನೇ? ನಾನು ನೆಮ್ಮದಿಯಾಗಿ ಹೋಗ್ಲಿ ಅಂತ ನನ್ನ ಪಾಪಾನ ತನ್ನ ಮೈಮೇಲೆ ಎಳ್ಕೊಳ್ತಿದಾನೆ" ಎಂದ.

"ಅಯ್ಯೋ, ನಿಜ ಹೇಳ್ತಿದೀನಿ!"

"ಕಾಲು ಕತ್ತರಿಸೋರನ್ನ ಕಂಡ್ರೆ ಹೊಡೆಯೋಕೆ ಹೋಗ್ತಿದ್ದೋನು ನೀನು. ಬೀದಿ ಬೀದಿ ಅಲೆದು ಪ್ಲಗ್ ಹಾಕೋನು ನೀನು. ನೀನು ಕತ್ತರಿಸ್ತೀಯಾ? ಯಾರಾದ್ರೂ ನಂಬ್ತಾರಾ?"

ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಅವನು ಹೇಳ್ತಿರೋದು ಸತ್ಯ. ಅವತ್ತು ನಿಮ್ಮ ಹತ್ರ ಸುಳ್ಳು ಹೇಳಿ ಕೀಲಿ ಇಸ್ಕೊಂಡು ಪ್ಲಗ್ ಬದಲಾಯಿಸಿದ್ದು ನಾನು. ಇವನ ಬಾಯಿ ಮುಚ್ಚಿಸಿದ್ದೂ ನಾನೇ. ನನಗೆ ಉಗೀರಿ, ಹೊಡೀರಿ, ಆದ್ರೆ ನಂಬಿ" ಎಂದೆ. ಅತ್ತುಬಿಟ್ಟೆ. ಹನ್ನೊಂದು ವರ್ಷದ ಅಳು.

"ಅಣ್ಣನಿಗೆ ತಕ್ಕ ತಂಗಿ" ಎಂದ ಬೀಗದಯ್ಯ. ಕೆಮ್ಮು ಬಂತು, ನಿಲ್ಲುವವರೆಗೂ ನಾವು ಕಾದೆವು. "ಬರೋವಾಗ ಇಬ್ಬರೂ ಮಾತಾಡ್ಕೊಂಡೇ ಬಂದಿದೀರಾ. ತಾಯೀ, ನಂಗೆ ವಯರು ಗಿಯರು ಗೊತ್ತಾಗಲ್ಲ. ನೆಲ ಒರೆಸಿದ ಕೈ ಇದು, ಇಷ್ಟು ಗೊತ್ತು. ಆ ಟೀಚರಮ್ಮ ಬರಿಗಾಲಲ್ಲಿ ಬರ್ತಿದ್ರು. ಇನ್ನೊಂದು ಸಲ ಒರೆಸ್ಬೇಕಾಗಿತ್ತು ನಾನು."

ಅಣ್ಣ ಮತ್ತೆ ಮತ್ತೆ ಹೇಳಿದ. ಗುಂಯ್ ಯಾಕೆ ಬರುತ್ತದೆ, ಅರ್ಥಿಂಗ್ ಎಂದರೇನು, ಕರೆಂಟು ಎಲ್ಲಿಂದ ಎಲ್ಲಿಗೆ ಹೋಯಿತು, ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಊರಿಗೆಲ್ಲ ಗುಂಯ್ ಬಿಡಿಸಿ ಹೇಳಿದವನು, ಈ ಒಬ್ಬ ಮನುಷ್ಯನಿಗೆ ಹೇಳಲಾರದೆ ಹೋದ. ಬೀಗದಯ್ಯ ಅವನ ಕೈ ಹಿಡಿದು, "ಸಾಕು ಬಿಡು ತಮ್ಮಾ, ಸುಳ್ಳು ಹೇಳೋದು ನಿಂಗೆ ಬರಲ್ಲ, ಬೆವರ್ತಿದೀಯ" ಎಂದು ಆ ಒಣ ಬಟ್ಟೆಯಿಂದ ಅವನ ಹಣೆ ಒರೆಸಿದ.

ಅಂದೇ ಹೇಳಿದ್ದರೆ ನಂಬುತ್ತಿದ್ದ. ಅಂದು ಅಣ್ಣ ಅವನಿಗೆ ಬರೀ ಒಬ್ಬ ಮೈಕಿನವನು. ಹನ್ನೊಂದು ವರ್ಷ ಅಷ್ಟೊಂದು ಒಳ್ಳೆಯವನಾಗಿ, ತನ್ನ ತಪ್ಪನ್ನು ತಾನೇ ಯಾರೂ ನಂಬದ ಹಾಗೆ ಮಾಡಿಕೊಂಡಿದ್ದ. ಮಾಡಿಸಿದವಳು ನಾನು.

ನಾವು ಸುಮ್ಮನೆ ಕೂರಲಿಲ್ಲ. ಮರುದಿನವೇ ಸಭಾಭವನದ ಸಮಿತಿಗೆ ಬರೆದು ಕೊಡಲು ಹೋದೆವು. ಭವನವನ್ನು ಕೆಡವಿ ಅಂಗಡಿ ಮಳಿಗೆ ಕಟ್ಟಿ ಆರು ವರ್ಷವಾಗಿತ್ತು. ಅಂದಿನ ಅಧ್ಯಕ್ಷರು ತೀರಿಕೊಂಡಿದ್ದರು. ಪೊಲೀಸ್ ಠಾಣೆಗೂ ಹೋದೆವು. ಅಲ್ಲಿದ್ದ ಗುಮಾಸ್ತ ಅಣ್ಣನ ಕಾಗದ ಓದಿ, ಇಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಹನ್ನೊಂದು ವರ್ಷದ ಹಿಂದಿನ ಕೇಸು, ಫೈಲ್ ಮುಚ್ಚಿದೆ, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಯಜಮಾನ್ರೇ" ಎಂದ. ಯಾವ ಜೈಲಿಗೆ ಹೆದರಿ ನಾನು ಇಷ್ಟೆಲ್ಲ ಮಾಡಿದೆನೋ, ಅಲ್ಲಿಗೆ ಕಳಿಸುವ ಠಾಣೆಯಲ್ಲಿ ನಮಗೆ ಕೂರಲು ಕುರ್ಚಿಯನ್ನೂ ಕೊಡಲಿಲ್ಲ.

ಹದಿಮೂರನೇ ದಿನಕ್ಕೆ ಬೀಗದಯ್ಯ ಹೋದ. ತಿಂಗಳಾದ ಮೇಲೆ ಅವನ ಹೆಂಡತಿ ಅಂಗಡಿಗೆ ಬಂದರು. ಅಣ್ಣ ಕುರ್ಚಿಯಿಂದ ಎದ್ದು ನಿಂತ.

"ಕೊನೇ ಕ್ಷಣದಲ್ಲಿ ಏನಾದ್ರೂ ಅಂದ್ರಾ ಅಕ್ಕಾ?" ಎಂದು ಕೇಳಿದ.

"ಟೀಚರಮ್ಮನ ಹತ್ರ ಕ್ಷಮೆ ಕೇಳ್ತಾನೇ ಇದ್ರು" ಎಂದರು ಅವರು. "ನಡುನಡುವೆ ನಿನ್ನ ಮಾತು. ನನ್ನ ಪಾಪ ಹೊರೋಕೆ ಒಬ್ಬ ಮುಂದೆ ಬಂದನಲ್ಲ, ಅಷ್ಟು ಸಾಕು ಅಂತಿದ್ರು. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಆಮೇಲೆ ಆ ಹೆಂಗಸು ಸೆರಗು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, ನಮ್ಮಣ್ಣನಿಗೆ ನಮಸ್ಕಾರ ಮಾಡಿದರು.